ಗ್ರಾಂಟ್‌ಗೆ ರಿಸರ್ಚ್ ಪಾರ್ಟ್ನರ್ ಬೇಕಾ? ಮೊದ್ಲು ಹಳೇ ಥೀಸಿಸ್ ತೆಗೆದು ಓದಿ

ಬಯೋಟೆಕ್ ಐಡಿಯಾಗಳಿಗೆ ದುಡ್ಡು ಕೊಡೋ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಗ್ರಾಂಟ್‌ಗೆ ಸಾಮಾನ್ಯವಾಗಿ ಜನವರಿ ಒಂದ್ಸಲ, ಜುಲೈ ಒಂದ್ಸಲ ಅರ್ಜಿ ಕರೀತಾರೆ. ಆ ಟೈಮಿಗೆ ನಮ್ಮ ಫುಡ್ ಸ್ಟಾರ್ಟಪ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಮೆಸೇಜು, "ಸಿಎಫ್‌ಟಿಆರ್‌ಐ ಸೈಂಟಿಸ್ಟ್ ಯಾರಾದ್ರೂ ಪರಿಚಯ ಇದಾರಾ, ಅರ್ಜೆಂಟ್ ಒಂದು ಸಪೋರ್ಟ್ ಲೆಟರ್ ಬೇಕಿತ್ತು" (ಸಿಎಫ್‌ಟಿಆರ್‌ಐ ಅಂದ್ರೆ ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ). ಲೆಟರ್ ಏನೋ ಸಿಗಬಹುದು ರೀ, ಆದ್ರೆ ಪ್ಯಾನೆಲ್ ಮುಂದೆ ಕೂತಾಗ "ಈ ಟೆಸ್ಟ್ ಯಾರು ಮಾಡ್ತಾರೆ, ಯಾವ ಮಷೀನಲ್ಲಿ, ಯಾವ ತಿಂಗಳು" ಅಂತ ಕೇಳಿದ್ರೆ ಲೆಟರ್ ಬಾಯಿ ಬಿಡಲ್ಲ, ನಾವೇ ಬಿಡಬೇಕು.

ನಮ್ದು ಧಾರವಾಡದಲ್ಲಿ ಸಣ್ಣ ರೊಟ್ಟಿ ಯೂನಿಟ್. ಕಡಕ್ ರೊಟ್ಟಿದು ಚಿಂತೆ ಇಲ್ಲ, ಅದು ತಿಂಗಳುಗಟ್ಟಲೆ ಇರುತ್ತೆ, ಪುಣೆಗೂ ಹೋಗುತ್ತೆ ದುಬೈಗೂ ಹೋಗುತ್ತೆ. ತಲೆನೋವಿರೋದು ಬಿಸಿ ರೊಟ್ಟಿದು, ಅಂದ್ರೆ ಮೆತ್ತನೆ ರೊಟ್ಟಿ. ಜೋಳದಲ್ಲಿ ಗ್ಲುಟೆನ್ (ಗೋಧಿ ಹಿಟ್ಟನ್ನ ಹಿಡಿದಿಡೋ ಪ್ರೋಟೀನು) ಇಲ್ವಲ್ಲ, ಹಿಟ್ಟು ಕೂಡೋದೇ ಕುದಿಯೋ ನೀರಿಗೆ ಪಿಷ್ಟ ಅರ್ಧಂಬರ್ಧ ಬೆಂದು ಅಂಟಾಗೋದ್ರಿಂದ, ಆಮೇಲೆ ರೊಟ್ಟಿ ಆರ್ತಾ ಆರ್ತಾ ಅದೇ ಪಿಷ್ಟ ಮತ್ತೆ ಬಿಗಿಯಾಗಿ ಜೋಡಿಸ್ಕೊಂಡು ನೀರನ್ನ ಹೊರಗೆ ತಳ್ಳುತ್ತೆ, ರೊಟ್ಟಿ ಮುರಿಯುತ್ತೆ. ಫ್ರಿಜ್ಜಲ್ಲಿಟ್ರೆ ಇನ್ನೂ ಬೇಗ ಗಟ್ಟಿಯಾಗುತ್ತೆ. ನೀರಿನಂಶ ಉಳಿಸೋಣ ಅಂದ್ರೆ ಬೂಷ್ಟು ಬರುತ್ತೆ. ಇದಕ್ಕೊಂದು ದಾರಿ ಹುಡುಕೋದು ನಮ್ಮ ಪ್ರಾಜೆಕ್ಟು, ಅದನ್ನ ಅಡುಗೆಮನೆಯಲ್ಲಿ ಮಾಡಕ್ಕಾಗಲ್ಲ, ಲ್ಯಾಬ್ ಬೇಕೇ ಬೇಕು.

ಯಾವ ಸ್ಕೀಮ್‌ಗೆ ಪಾರ್ಟ್ನರ್ ಎಷ್ಟು ಬೇಕು ಅನ್ನೋದು ಒಂದೊಂದರಲ್ಲಿ ಒಂದೊಂಥರ. ಬಿಗ್‌ನಲ್ಲಿ 50 ಲಕ್ಷದವರೆಗೆ ಕೊಡ್ತಾರೆ, 18 ತಿಂಗಳು ಟೈಮು, ಪಾರ್ಟ್ನರ್ ಕಡ್ಡಾಯ ಅಲ್ಲ ಆದ್ರೆ ನಿಮ್ಮ ಹತ್ರ ಲ್ಯಾಬ್ ಇಲ್ಲ ಅಂದ್ಮೇಲೆ ಇದ್ರೇ ಒಳ್ಳೇದು. ಬೈರಾಕ್‌ದೇ ಪೇಸ್ ಸ್ಕೀಮ್ ಉಲ್ಟಾ, ಅಲ್ಲಿ ಮುಂದೆ ನಿಲ್ಲೋರು ಅಕಾಡೆಮಿಕ್ ಕಡೆಯವ್ರು. ಎಂಎಸ್‌ಎಂಇ (ಸಣ್ಣ ಉದ್ದಿಮೆ) ಸಚಿವಾಲಯ 2022ರಲ್ಲಿ ಶುರು ಮಾಡಿದ ಇನೋವೇಟಿವ್ ಸ್ಕೀಮ್‌ನಲ್ಲಿ ಐಡಿಯಾಗೆ 15 ಲಕ್ಷದವರೆಗೆ ಇದೆ, ಅದು ಹೋಸ್ಟ್ ಇನ್‌ಸ್ಟಿಟ್ಯೂಟ್ (ಸ್ಕೀಮ್‌ನವರು ಒಪ್ಪಿದ ಕಾಲೇಜು ಅಥವಾ ಸಂಸ್ಥೆ) ಮೂಲಕಾನೇ ಬರಬೇಕು. ನಮ್ಮ ರಾಜ್ಯದ ಸ್ಟಾರ್ಟಪ್ ಸ್ಕೀಮ್ ಎಲಿವೇಟ್ ಕೂಡ 50 ಲಕ್ಷದವರೆಗೆ ಕೊಡುತ್ತೆ, ಅಲ್ಲಿ ಮಾತು ಹೆಚ್ಚಾಗಿ ಬಿಸಿನೆಸ್ ಬಗ್ಗೆ.

ಈಗ ಹುಡುಕೋ ವಿಷಯ. ಎಲ್ರೂ ಇನ್‌ಸ್ಟಿಟ್ಯೂಟ್ ವೆಬ್‌ಸೈಟ್‌ಗೆ ಹೋಗಿ ಡೈರೆಕ್ಟರ್‌ಗೆ ಒಂದು ಮೇಲು, ಡೀನ್‌ಗೆ ಒಂದು ಮೇಲು ಹಾಕ್ತಾರೆ, "ಗೌರವಾನ್ವಿತ ಸರ್, ನಮ್ಮದು ಇನೋವೇಟಿವ್ ಸ್ಟಾರ್ಟಪ್" ಅಂತ. ಅದು ಅಲ್ಲೇ ಸತ್ತೋಗುತ್ತೆ. ನಾನು ಹೇಳೋದು, ಮನುಷ್ಯರನ್ನ ಹುಡುಕೋ ಮೊದ್ಲು ಥೀಸಿಸ್ ಹುಡುಕಿ. ಕೃಷಿ ವಿವಿಗಳ ಥೀಸಿಸ್‌ಗೆ ಕೃಷಿಕೋಶ ಇದೆ, ಬೇರೆ ಯೂನಿವರ್ಸಿಟಿಗಳ ಪಿಎಚ್‌ಡಿಗೆ ಶೋಧಗಂಗಾ, ಎರಡೂ ಫ್ರೀ. ನಿಮ್ಮ ಸಮಸ್ಯೆನ ಹೆಸರಿಟ್ಟು ಹುಡುಕಿ, ಜೋಳ, ರೊಟ್ಟಿ, ಶೆಲ್ಫ್ ಲೈಫ್, ಹೀಗೆ. ಬಂದಿದ್ದರಲ್ಲಿ ಮೂರು ಜಾಗ ಓದಿದ್ರೆ ಸಾಕು. ಗೈಡ್ ಯಾರು ಅನ್ನೋದು ಮೊದ್ಲನೇ ಪೇಜಲ್ಲಿರುತ್ತೆ. ಮೆಥಡ್ಸ್ ಚಾಪ್ಟರಲ್ಲಿ ಯಾವ ಮಷೀನು ಬಳಸಿದ್ರು ಅಂತ ಇರುತ್ತೆ. ಇನ್ನು ಅಕ್ನಾಲೆಡ್ಜ್‌ಮೆಂಟ್ ಪೇಜು, ಅದನ್ನ ಯಾರೂ ಓದಲ್ಲ, ಆದ್ರೆ ಚಿನ್ನದಂಥ ಮಾಹಿತಿ ಇರೋದೇ ಅಲ್ಲಿ, ಯಾವ ಡಿಪಾರ್ಟ್‌ಮೆಂಟ್ ಇವರಿಗೆ ಲ್ಯಾಬ್ ಬಿಟ್ಟುಕೊಡ್ತು, ಯಾರು ಸ್ಯಾಂಪಲ್ ಓಡಿಸಿಕೊಟ್ರು ಅಂತ ಮಕ್ಕಳು ಪಾಪ ಎಲ್ಲಾ ಬರೆದಿರ್ತಾರೆ.

ಇನ್ನೊಂದು ದಾರಿ ಮಷೀನ್ ಹಿಡ್ಕೊಂಡು ಹೋಗೋದು. ಐ-ಸ್ಟೆಮ್ ಅಂತ ಪೋರ್ಟಲ್ ಇದೆ, 2020ರ ಜನವರಿಯಲ್ಲಿ ಬೆಂಗಳೂರಲ್ಲಿ ಸೈನ್ಸ್ ಕಾಂಗ್ರೆಸ್ ಆದಾಗ ಲಾಂಚ್ ಆಯ್ತು, ಸರ್ಕಾರಿ ದುಡ್ಡಲ್ಲಿ ತಗೊಂಡಿರೋ ಉಪಕರಣ ಯಾವ ಸಂಸ್ಥೆಯಲ್ಲಿದೆ ಅಂತ ಅಲ್ಲಿ ನೋಡಿ ಹೊರಗಿನವರೂ ಬುಕ್ ಮಾಡಬಹುದು. ನಮಗೆ ಬೇಕಾಗಿದ್ದು ಟೆಕ್ಸ್ಚರ್ ಅನಲೈಸರ್, ಅಂದ್ರೆ ರೊಟ್ಟಿ ಹರಿಯೋಕೆ ಎಷ್ಟು ಬಲ ಬೇಕು ಅಂತ ಅಳೆಯೋದು, ಮತ್ತೆ ವಾಟರ್ ಆಕ್ಟಿವಿಟಿ ಮೀಟರ್, ಅಂದ್ರೆ ಬೂಷ್ಟು ಬೆಳೆಯೋಕೆ ಸಿಗೋ ನೀರು ಎಷ್ಟಿದೆ ಅಂತ ಅಳೆಯೋದು. ಮಷೀನ್ ಇರೋ ಕಡೆ ಅದನ್ನ ದಿನಾ ನಡೆಸೋ ಒಬ್ಬ ಟೆಕ್ನಿಕಲ್ ಆಫೀಸರ್ ಇರ್ತಾರೆ, ಡಿಪಾರ್ಟ್‌ಮೆಂಟಲ್ಲಿ ಯಾರಿಗೆ ನಿಜವಾಗ್ಲೂ ಇಂಟ್ರೆಸ್ಟ್ ಇದೆ ಯಾರಿಗಿಲ್ಲ ಅನ್ನೋದು ಡೈರೆಕ್ಟರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು.

ದೊಡ್ಡ ಹೆಸರಿನ ಬಗ್ಗೆ ಒಂದ್ಮಾತು. ಮೈಸೂರಲ್ಲಿ ಸಿಎಫ್‌ಟಿಆರ್‌ಐ 1950ರಿಂದ ಇದೆ, ಅದೇ ಊರಲ್ಲಿರೋ ರಕ್ಷಣಾ ಇಲಾಖೆಯ ಆಹಾರ ಲ್ಯಾಬ್ ಡಿಎಫ್‌ಆರ್‌ಎಲ್ ಸೈನಿಕರಿಗೆ ಅಂತ ತಿಂಗಳುಗಟ್ಟಲೆ ಕೆಡದ ಚಪಾತಿ ಮಾಡಿದೆ, ಕೇಳಿದ ತಕ್ಷಣ ಓಹ್ ನಮ್ಮ ಕೆಲಸ ಅಲ್ಲೇ ಆಗೋಯ್ತು ಅನ್ಸುತ್ತೆ. ಆದ್ರೆ ಅದು ಗೋಧಿ, ಗೋಧಿಲಿ ಗ್ಲುಟೆನ್ ಇದೆ, ಆ ಫಾರ್ಮುಲಾ ಹಾಗೇ ತಂದು ಜೋಳಕ್ಕೆ ಹಚ್ಚಕ್ಕಾಗಲ್ಲ. ನಮ್ಮೂರ ಕೃಷಿ ವಿಶ್ವವಿದ್ಯಾಲಯದಲ್ಲಿ ಹಿಂಗಾರಿ ಜೋಳದ ಮೇಲೆ ದಶಕಗಳಿಂದ ಕೆಲಸ ನಡೀತಿದೆ, ತಳಿ ಆರಿಸೋವಾಗ ರೊಟ್ಟಿ ಹೆಂಗೆ ಬರುತ್ತೆ ಅಂತಾನೂ ನೋಡ್ತಾರೆ. ಪ್ಯಾನೆಲ್‌ನಲ್ಲಿ ಹೆಸರು ಮಿಂಚಲಿ ಅಂತ ದೂರದ ಸಂಸ್ಥೆ ಹಾಕೋದಕ್ಕಿಂತ, ಬೆಳಿಗ್ಗೆ ಬೇಯಿಸಿದ ರೊಟ್ಟಿ ಮಧ್ಯಾಹ್ನದೊಳಗೆ ಮಷೀನ್ ಕೆಳಗೆ ಇರಬೇಕು ಅಂದ್ರೆ ಹತ್ತಿರದ ಲ್ಯಾಬೇ ಬೇಕಲ್ವಾ.

ಮೊದಲ ಭೇಟಿಗೆ ನಾನು ಪಿಪಿಟಿ ಒಯ್ದಿರಲಿಲ್ಲ, ಬೇಯಿಸಿದ ಟೈಮು ಪೆನ್ನಲ್ಲಿ ಬರೆದ ಪ್ಯಾಕೆಟ್‌ಗಳನ್ನ ಒಯ್ದಿದ್ದೆ, ನಿನ್ನೆ ಸಂಜೆದು, ಇವತ್ತು ಬೆಳಿಗ್ಗೆದು, ಹೊರಡೋ ಮುಂಚೆದು. ಅಲ್ಲಿನ ಸೈಂಟಿಸ್ಟ್ ಮೇಡಂ ಏನೂ ಮಾತಾಡದೆ ಒಂದೊಂದೇ ರೊಟ್ಟಿ ತೆಗೆದು ನಡುವೆ ಮಡಚಿದ್ರು, ಬೆಳಿಗ್ಗೆದು ಮಡಿಕೆಯಲ್ಲಿ ಸಣ್ಣಗೆ ಬಿರುಕು ಬಿಡ್ತು, ನಿನ್ನೆದು ಎರಡು ಹೋಳಾಯ್ತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಯಾವ ಜೋಳ?" ಎಂ 35-1 ಅಂತ ಅಂಗಡಿಯವ್ರು ಹೇಳ್ತಾರೆ ಮೇಡಂ ಅಂದೆ. "ಅಂಗಡಿಯವ್ರು ಹೇಳಿದ್ದು ಅಂದ್ರೆ ನಿಮ್ಮ ಒಂದೊಂದು ಲಾಟೂ ಒಂದೊಂದು ಬೇರೆ ಎಕ್ಸ್‌ಪೆರಿಮೆಂಟು" ಅಂದ್ರು. ಅಲ್ಲೇ ನಮ್ಮ ಪ್ರಪೋಸಲ್‌ನ ಮೊದಲ ಆಬ್ಜೆಕ್ಟಿವ್ ಬದಲಾಯ್ತು, ಒಂದೇ ಹೊಲದ ಗೊತ್ತಿರೋ ತಳಿಯಿಂದ ಶುರು ಮಾಡೋದು ಅಂತ. ಒಳ್ಳೆ ಪಾರ್ಟ್ನರ್ ಅಂದ್ರೆ ನಿಮ್ಮ ಪ್ರಪೋಸಲ್ ಚೆನ್ನಾಗಿದೆ ಅನ್ನೋರಲ್ಲ.

ಇನ್ನು ದುಡ್ಡು. ಇದನ್ನ ಮಾತಾಡೋಕೆ ನಮ್ಮವರಿಗೆ ಸಂಕೋಚ, ಸರ್ ಹತ್ರ ಹೆಂಗೆ ಕೇಳೋದು ಅಂತ. ಕೇಳಲೇಬೇಕು ರೀ. ಒಂದು ಸಂಸ್ಥೆ (ಹೆಸರು ಬೇಡ) ಎಲ್ಲಾ ಒಪ್ಪಿ ಬಜೆಟ್ ಕಳಿಸೋ ಹಿಂದಿನ ದಿನ ಓವರ್‌ಹೆಡ್ (ಸಂಸ್ಥೆಯ ಕರೆಂಟು, ಆಫೀಸು ಖರ್ಚಿನ ಪಾಲು) ಅಂತ ಒಂದು ಲೈನ್ ಸೇರಿಸ್ತು, ನಮ್ಮ ಇಡೀ ಕಚ್ಚಾ ಸಾಮಗ್ರಿ ದುಡ್ಡು ಅಲ್ಲಿಗೇ ಹೋಯ್ತು. ಓವರ್‌ಹೆಡ್ ಎಷ್ಟು, ಟೆಸ್ಟಿಂಗ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿ ಹೇಳಿದ್ದಾ ಬಿಟ್ಟು ಹೇಳಿದ್ದಾ, ಹುಡುಗ್ರನ್ನ ಇಟ್ಕೊಂಡ್ರೆ ಸಂಬಳ ಯಾವ ರೇಟು, ಇದೆಲ್ಲ ಮೊದಲ ವಾರದಲ್ಲೇ ಬರಲಿ. 2023ರಿಂದ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಅಂದ್ರೆ ತಿಂಗಳಿಗೆ 37,000, ಅದರ ಮೇಲೆ ಎಚ್‌ಆರ್‌ಎ, ಹಳೇ ಬಜೆಟ್ ಕಾಪಿ ಹೊಡೆದ್ರೆ ಅಲ್ಲೇ ಸಿಕ್ಕಿಬೀಳ್ತೀರ.

ಪೇಟೆಂಟ್ ವಿಷಯನೂ ಹೀಗೇ. ಕೆಲಸ ಮಾಡೋದು ಎಂಎಸ್ಸಿ ಹುಡುಗಿ ಅಂತಿಟ್ಕೊಳ್ಳಿ, ಅವಳಿಗೆ ಥೀಸಿಸ್ ಬೇಕು, ಅದು ನ್ಯಾಯವಾದದ್ದೇ. ಆದ್ರೆ ಥೀಸಿಸ್ ಆನ್‌ಲೈನ್ ಬಂದ್ಮೇಲೆ ಅದರಲ್ಲಿರೋದು ಜಗತ್ತಿಗೇ ಗೊತ್ತಾದ ಹಾಗೆ, ಆಮೇಲೆ ಪೇಟೆಂಟ್ ಹಾಕ್ತೀನಿ ಅಂದ್ರೆ ಹೊಸತು ಅಂತ ಒಪ್ಪಲ್ಲ. ಅದಕ್ಕೆ ಮೊದ್ಲು ಪ್ರೊವಿಷನಲ್, ಅಂದ್ರೆ ಪೇಟೆಂಟಿನ ತಾತ್ಕಾಲಿಕ ಅರ್ಜಿ, ಹಾಕೋದು, ಆಮೇಲೆ ಥೀಸಿಸ್ ಸಬ್ಮಿಟ್ ಅಂತ ಬರೆದಿಟ್ಕೊಳ್ಳಿ. ಸ್ಟಾರ್ಟಪ್‌ಗೆ, ಸಣ್ಣ ಕಂಪನಿಗೆ ಆನ್‌ಲೈನಲ್ಲಿ ಸರ್ಕಾರಿ ಫೀ 1,600 ರೂಪಾಯಿ ಅಷ್ಟೇ, ಫುಲ್ ಅರ್ಜಿಗೆ ಆಮೇಲೆ 12 ತಿಂಗಳು ಟೈಮ್ ಸಿಗುತ್ತೆ. ಯಾರ ಹೆಸರಲ್ಲಿ ಹಾಕೋದು, ಲೈಸೆನ್ಸ್ ಯಾರಿಗೆ ಮೊದ್ಲು, ಅದೂ ಅದೇ ಪೇಪರಲ್ಲಿ ಇರಲಿ.

ಎಂಒಯು (ಸಂಸ್ಥೆ ಜೊತೆಗಿನ ಒಪ್ಪಂದದ ಪತ್ರ) ಮಾತ್ರ ಗ್ರಾಂಟ್‌ಗೆ ಅರ್ಜಿ ಕರೆಯೋಕೆ ಮುಂಚೆನೇ ಶುರು ಮಾಡಿ. ಸೈಂಟಿಸ್ಟ್ ಒಂದು ದಿನದಲ್ಲಿ ಹೂಂ ಅಂತಾರೆ, ಫೈಲ್ ಮಾತ್ರ ಹೆಡ್ ಹತ್ರ, ಡೀನ್ ಹತ್ರ, ರಿಜಿಸ್ಟ್ರಾರ್ ಹತ್ರ, ಅಲ್ಲಿಂದ ಫೈನಾನ್ಸ್‌ಗೆ ಅಂತ ತಿರುಗುತ್ತೆ, ನಡುವೆ ದಸರಾ ರಜೆ ಬಂದ್ರೆ ಅಷ್ಟೇ. ಆ ಎಂಒಯುನಲ್ಲಿ ಯುಟಿಲೈಸೇಶನ್ ಸರ್ಟಿಫಿಕೇಟ್ (ದುಡ್ಡು ಹೆಂಗೆ ಖರ್ಚಾಯ್ತು ಅನ್ನೋ ಲೆಕ್ಕದ ಪತ್ರ) ಯಾವ ತಾರೀಖಿನೊಳಗೆ ಕೊಡ್ತೀವಿ ಅಂತ ಅವರ ಕಡೆಯಿಂದ ಬರೆಸ್ಕೊಳ್ಳಿ, ಗ್ರಾಂಟ್ ಕಂತಲ್ಲಿ ಬರೋದು, ಅವರ ಲೆಕ್ಕ ಬರ್ಲಿಲ್ಲ ಅಂದ್ರೆ ನಮ್ಮ ಮುಂದಿನ ಕಂತು ನಿಲ್ಲುತ್ತೆ. ಮತ್ತೆ ಅಲ್ಲಿ ಆಫೀಸರ್ ಹೆಸರು ಬರೆಸಬೇಡಿ, ಹುದ್ದೆ ಬರೆಸಿ. ಅವ್ರು ಟ್ರಾನ್ಸ್‌ಫರ್ ಆಗ್ತಿರ್ತಾರೆ.