ಸ್ಕ್ರೂ ತಲೆಗೆ ತಕ್ಕ ಕುಳಿ: ಮರಕ್ಕೆ, ಲೋಹಕ್ಕೆ ಕೌಂಟರ್‌ಸಿಂಕ್ ಬಿಟ್ ಆರಿಸುವ ಬಗೆ

ಕೌಂಟರ್‌ಸಿಂಕ್ ಬಿಟ್, ಅಂದರೆ ಸ್ಕ್ರೂ ತಲೆ ಮೇಲ್ಮೈಗೆ ಸಮನಾಗಿ ಕೂರುವಂತೆ ತೂತಿನ ಬಾಯಿಗೆ ಇಳಿಜಾರು ಕುಳಿ ಕೊರೆಯುವ ಬಿಟ್, ಕೊಳ್ಳಲು ಹೊರಡುವವರ ಜೇಬಿನಲ್ಲಿ ತಾವು ಬಳಸುವ ಸ್ಕ್ರೂ ಒಂದಿರಬೇಕು. ಬಿಟ್‌ನ ಹೊಳಪು, ಲೇಪನ, ಡಬ್ಬಿಯಲ್ಲಿ ಎಷ್ಟು ಬಿಟ್‌ಗಳಿವೆ ಎಂಬುದೆಲ್ಲ ಆಮೇಲಿನ ಮಾತು. ಸ್ಕ್ರೂ ತಲೆಯ ಅಡಿಭಾಗದ ಇಳಿಜಾರಿಗೂ ಬಿಟ್ ಕೊರೆಯುವ ಕುಳಿಯ ಇಳಿಜಾರಿಗೂ ತಾಳೆಯಾಗದಿದ್ದರೆ ಎಷ್ಟು ಒಳ್ಳೆಯ ಉಕ್ಕಿನ ಬಿಟ್ ತಂದರೂ ಕೆಲಸ ಕೆಡುತ್ತದೆ. ಮರದಲ್ಲೂ ಲೋಹದಲ್ಲೂ ಹಲವು ವರ್ಷ ಕೈಯಾಡಿಸಿದ ಮೇಲೆ ನಾನು ಪಾಲಿಸುವ ಕ್ರಮ ಇಷ್ಟು: ಕೋನವನ್ನು ಸ್ಕ್ರೂ ನೋಡಿ ಗೊತ್ತುಮಾಡಬೇಕು, ಅಲಗುಗಳ ಸಂಖ್ಯೆಯನ್ನು ಕೊರೆಯುವ ವಸ್ತುವನ್ನೂ ಕೈಯಲ್ಲಿರುವ ಯಂತ್ರವನ್ನೂ ನೋಡಿ ಗೊತ್ತುಮಾಡಬೇಕು.

ಮೆಟ್ರಿಕ್ ಅಳತೆಯ ಚಪ್ಪಟೆ ತಲೆಯ ಸ್ಕ್ರೂಗಳ ಕೋನ 90 ಡಿಗ್ರಿ; ಅಮೆರಿಕದ ಮಾನದಂಡದ ಇಂಚಿನ ಸ್ಕ್ರೂಗಳದು 82 ಡಿಗ್ರಿ. ಎಂಟೇ ಡಿಗ್ರಿಯ ಈ ವ್ಯತ್ಯಾಸ ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಆದರೆ ಲೋಹದಲ್ಲಿ ಅದರ ಪರಿಣಾಮ ತಪ್ಪುವುದಿಲ್ಲ. 90 ಡಿಗ್ರಿಯ ತಲೆಯನ್ನು 82 ಡಿಗ್ರಿಯ ಕುಳಿಗೆ ಇಳಿಸಿದರೆ ತಲೆಯ ಮೇಲಂಚು ಮಾತ್ರ ಕುಳಿಯ ಬಾಯಿಗೆ ತಾಗಿ ಕೂರುತ್ತದೆ, ಅದರ ಕೆಳಗೆಲ್ಲ ಪೊಳ್ಳು. 82 ಡಿಗ್ರಿಯ ತಲೆಯನ್ನು 90 ಡಿಗ್ರಿಯ ಕುಳಿಗೆ ಇಳಿಸಿದರೆ ಅದು ಕತ್ತಿನ ಬಳಿ ಮಾತ್ರ ಒತ್ತಿಕೊಂಡು, ಮೇಲೆ ಸುತ್ತಲೂ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಎರಡು ಸಂದರ್ಭಗಳಲ್ಲೂ ಬಿಗಿತದ ಭಾರ ಇಡೀ ಇಳಿಜಾರಿನ ಮೇಲೆ ಹರಡದೆ ತೆಳ್ಳನೆಯ ಒಂದು ಬಳೆಯ ಮೇಲೆ ಬೀಳುವುದರಿಂದ, ಅದುರುವ ಯಂತ್ರದಲ್ಲಿ ಆ ಬಳೆ ಸ್ವಲ್ಪ ಜಜ್ಜಿದ ಕೂಡಲೇ ಸ್ಕ್ರೂ ಸಡಿಲಗೊಳ್ಳುತ್ತದೆ. ಮೆದು ಮರ ತಾನೇ ಅದುಮಿಕೊಂಡು ಜಾಗ ಕೊಡುವುದರಿಂದ ಅಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ. ಗಟ್ಟಿ ಮರದಲ್ಲಿ ಅಷ್ಟು ಸುಲಭವಾಗಿ ಮುಚ್ಚಿಹೋಗುವುದಿಲ್ಲ.

ಕೈಗೆ ಬಂದ ಬಿಟ್‌ನ ಕೋನದ ಬಗ್ಗೆ ಅನುಮಾನವಿದ್ದರೆ ನಾನು ಮಾಡುವ ಪರೀಕ್ಷೆ ಸರಳವಾದದ್ದು. ರದ್ದಿ ಲೋಹದ ತುಂಡಿನಲ್ಲಿ ಒಂದು ಕುಳಿ ಕೊರೆದು, ಸ್ಕ್ರೂ ತಲೆಯ ಅಡಿಯ ಇಳಿಜಾರಿಗೆಲ್ಲ ಮಾರ್ಕರ್ ಪೆನ್ನಿನ ಮಸಿ ಬಳಿದು ಒಣಗಿಸಿ, ಸ್ಕ್ರೂವನ್ನು ಕುಳಿಯೊಳಗೆ ಒತ್ತಿ ಒಂದೆರಡು ಸುತ್ತು ತಿರುಗಿಸಿ ಹೊರತೆಗೆಯುತ್ತೇನೆ. ಮಸಿ ಇಳಿಜಾರಿನ ಉದ್ದಕ್ಕೂ ಸಮನಾಗಿ ಉಜ್ಜಿಹೋಗಿದ್ದರೆ ಕೋನ ಕೂಡಿದೆ ಎಂದರ್ಥ. ಮೇಲಂಚಿನಲ್ಲಿ ಮಾತ್ರ ಲೋಹ ಹೊಳೆಯುತ್ತಿದ್ದರೆ ಕುಳಿಯ ಕೋನ ಕಿರಿದು, ಕತ್ತಿನ ಬಳಿ ಮಾತ್ರ ಹೊಳೆಯುತ್ತಿದ್ದರೆ ಅಗಲ. 60 ಡಿಗ್ರಿಯ ಬಿಟ್‌ಗಳು ಲೇತ್ ಸೆಂಟರ್ ಕುಳಿಗಳಿಗೆ (ಲೇತ್ ಯಂತ್ರದಲ್ಲಿ ತಿರುಗುವ ತುಂಡನ್ನು ತುದಿಯಲ್ಲಿ ಆನಿಸಿ ಹಿಡಿಯುವ ಕುಳಿಗಳಿಗೆ), 100 ಡಿಗ್ರಿಯವು ವಿಮಾನದ ಹೊದಿಕೆಗೆ ಹಾಕುವ ರಿವೆಟ್‌ಗಳಿಗೆ ಬಳಕೆಯಾಗುತ್ತವೆ. ಸಾಮಾನ್ಯ ಕೆಲಸದವರು ಅವುಗಳ ಗೊಡವೆಗೆ ಹೋಗಬೇಕಾಗಿಲ್ಲ.

ಅಲಗುಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಮೊದಮೊದಲು ನಾನು ಐದು ಅಲಗಿನ, ಅಗ್ಗದ, ಗುಲಾಬಿ ಮೊಗ್ಗಿನಂತೆ ಕಾಣುವ ಬಿಟ್ ಒಂದನ್ನು ಮರಕ್ಕೂ ಉಕ್ಕಿಗೂ ಬಳಸುತ್ತಿದ್ದೆ. ಒಮ್ಮೆ 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯಲ್ಲಿ ಹನ್ನೆರಡು ತೂತುಗಳಿಗೆ ಕುಳಿ ತೆಗೆಯಬೇಕಾಗಿತ್ತು. ಬಿಟ್ ತಾಗಿದೊಡನೆ ಡ್ರಿಲ್ ಗಡಗಡನೆ ನಡುಗಿತು. ನಡುಕ ಅಡಗಲಿ ಎಂದು ವೇಗ ಹೆಚ್ಚಿಸಿದೆ, ನಡುಕ ಕಿರುಚಾಟವಾಯಿತು. ಬಿಟ್ ಎತ್ತಿ ನೋಡಿದರೆ ಕುಳಿ ದುಂಡಗಿರದೆ ಮೂಲೆಮೂಲೆಯಾಗಿತ್ತು, ಇಳಿಜಾರಿನ ತುಂಬ ಬೆರಳಿಗೆ ಸಿಗುವಂಥ ಅಲೆಗಳಿದ್ದವು. ಹನ್ನೆರಡೂ ಹಾಗೆಯೇ ಆದವು, ಆ ಪಟ್ಟಿಯನ್ನು ಎಸೆದು ಹೊಸದನ್ನು ಕತ್ತರಿಸಬೇಕಾಯಿತು.

ಹೀಗಾಗಲು ಕಾರಣವಿದೆ. ಸಮಾನ ಅಂತರದಲ್ಲಿರುವ ಅಲಗುಗಳಲ್ಲಿ ಒಂದು ಬಿಟ್ಟುಹೋದ ಸಣ್ಣ ಅಲೆಯನ್ನು ಮುಂದಿನದು ಸರಿಯಾಗಿ ಅದೇ ಲಯದಲ್ಲಿ ಬಂದು ತಟ್ಟುತ್ತದೆ; ಉಯ್ಯಾಲೆಯನ್ನು ಹದವರಿತು ತಳ್ಳಿದಂತೆ ನಡುಕ ಬೆಳೆಯುತ್ತ ಹೋಗುತ್ತದೆ. ಆದ್ದರಿಂದಲೇ ಲೋಹಕ್ಕೆಂದು ಮಾಡಿದ ಒಳ್ಳೆಯ ಮೂರು ಅಲಗಿನ ಬಿಟ್‌ಗಳಲ್ಲಿ ಅಲಗುಗಳ ನಡುವಿನ ಅಂತರವನ್ನು ಬೇಕೆಂದೇ ಅಸಮಾನವಾಗಿಟ್ಟಿರುತ್ತಾರೆ. ಒಂದೇ ಅಲಗಿನ ಬಿಟ್ ಈ ತೊಂದರೆಯನ್ನು ಬೇರೆ ಬಗೆಯಲ್ಲಿ ತಪ್ಪಿಸುತ್ತದೆ: ಅಲಗು ಒಂದು ಕಡೆ ಕೊರೆಯುವಾಗ ಉಳಿದ ನುಣುಪಾದ ಮೈ ಕುಳಿಯ ಗೋಡೆಗೆ ಒರಗಿ ಬಿಟ್ ಅನ್ನು ಅಲುಗಾಡದಂತೆ ಹಿಡಿದಿರುತ್ತದೆ. ಇನ್ನೊಂದು ಬಗೆಯಲ್ಲಿ ಅಲಗೆಂದು ಬೇರೆಯಾಗಿ ಏನೂ ಇಲ್ಲ. ಶಂಕುವಿನ ಮೈಯನ್ನು ಓರೆಯಾಗಿ ಸೀಳಿಕೊಂಡು ಹೋಗುವ ದುಂಡು ರಂಧ್ರವಿರುತ್ತದೆ, ಆ ರಂಧ್ರದ ಅಂಚೇ ಅಲಗು, ಸಿಪ್ಪೆ ಆ ರಂಧ್ರದೊಳಗಿಂದಲೇ ಸುರುಳಿಯಾಗಿ ಹೊರಬೀಳುತ್ತದೆ. ಕೈ ಡ್ರಿಲ್‌ಗೆ ನಾನು ಮೆಚ್ಚುವುದು ಇದನ್ನೇ. ಉಕ್ಕು, ಹಿತ್ತಾಳೆ, ಅಲ್ಯೂಮಿನಿಯಂ, ಗಟ್ಟಿ ಮರ ನಾಲ್ಕರಲ್ಲೂ ಕನ್ನಡಿಯಂಥ ಕುಳಿ ಕೊಡುತ್ತದೆ. ಆದರೆ ಇದು ತಾನಾಗಿ ತೂತು ಆರಂಭಿಸಲಾರದು. ಮೊದಲೇ ಕೊರೆದ ತೂತು ಬೇಕು, ಅದೂ ಬಿಟ್ ಹೇಳುವ ಮಿತಿಯೊಳಗಿರಬೇಕು. ಸೆಟ್‌ಗಳಲ್ಲಿ ಸಾಮಾನ್ಯವಾಗಿ 2ರಿಂದ 5, 5ರಿಂದ 10, 10ರಿಂದ 15, 15ರಿಂದ 20 ಮಿ.ಮೀ. ಎಂಬ ಮಿತಿಗಳಿರುತ್ತವೆ. ಡ್ರಿಲ್ ಪ್ರೆಸ್ (ಕಂಬಕ್ಕೆ ಬಿಗಿದು ನಿಲ್ಲಿಸಿದ ಡ್ರಿಲ್) ಇದ್ದವರಿಗೆ, ಒಂದೇ ಬಗೆಯ ಕುಳಿಗಳನ್ನು ಸಾಲುಸಾಲಾಗಿ ತೆಗೆಯುವವರಿಗೆ, ಮೂರು ಅಲಗಿನದೇ ಮೇಲು.

ಬಿಟ್ ಎಷ್ಟೇ ಒಳ್ಳೆಯದಿರಲಿ, ವೇಗ ತಪ್ಪಿದರೆ ನಡುಕ ಮರಳಿ ಬರುತ್ತದೆ. 5.5 ಮಿ.ಮೀ. ತೂತನ್ನು ಮೃದು ಉಕ್ಕಿನಲ್ಲಿ ನಿಮಿಷಕ್ಕೆ 1400 ಸುತ್ತಿನಲ್ಲಿ ಕೊರೆಯುವಾಗ ಡ್ರಿಲ್‌ನ ಹೊರಅಂಚು ನಿಮಿಷಕ್ಕೆ ಸುಮಾರು 24 ಮೀಟರ್ ಸಾಗುತ್ತದೆ, ಹೈಸ್ಪೀಡ್ ಸ್ಟೀಲ್‌ಗೆ (ಡ್ರಿಲ್, ಬಿಟ್‌ಗಳಿಗೆ ಬಳಸುವ ಗಟ್ಟಿ ಉಕ್ಕಿಗೆ) ಅದು ಹಿತವಾದ ವೇಗ. ಅದೇ ಸುತ್ತಿನಲ್ಲಿ 12 ಮಿ.ಮೀ. ಅಗಲದ ಕೌಂಟರ್‌ಸಿಂಕ್ ಹಾಕಿದರೆ ಅದರ ಅಂಚು ನಿಮಿಷಕ್ಕೆ ಸುಮಾರು 53 ಮೀಟರ್ ಓಡುತ್ತದೆ. ಅಲಗು ನೀಲಿಗಟ್ಟಿ ಮೊಂಡಾಗಲು ಹೆಚ್ಚು ಹೊತ್ತು ಬೇಡ. ನಾನು ಅಂಚಿನ ವೇಗವನ್ನು 10 ಮೀಟರ್ ಆಸುಪಾಸಿನಲ್ಲಿಡುತ್ತೇನೆ, ಅಂದರೆ 12 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ ಸುಮಾರು 265 ಸುತ್ತು. ನಿಧಾನವಾಗಿ ತಿರುಗಿಸಿ, ದೃಢವಾಗಿ ಒತ್ತಬೇಕು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ, ಏಕೆಂದರೆ ಅಲಗು ಕೊರೆಯದೆ ಬರಿದೇ ಉಜ್ಜಿದರೆ ಆ ಉಕ್ಕಿನ ಮೇಲ್ಮೈ ಇನ್ನಷ್ಟು ಗಟ್ಟಿಯಾಗಿ, ಆಮೇಲೆ ಒಳ್ಳೆಯ ಅಲಗೂ ಅದನ್ನು ಕಚ್ಚದೆ ಜಾರುತ್ತದೆ. ಉಕ್ಕಿಗೆ ಕಟಿಂಗ್ ಆಯಿಲ್ ಹಾಕುತ್ತೇನೆ, ಅಲ್ಯೂಮಿನಿಯಂಗೆ ಸೀಮೆಎಣ್ಣೆಯಂಥ ತೆಳುವಾದ ಎಣ್ಣೆ ಸಾಕು, ಹಿತ್ತಾಳೆ ಮತ್ತು ಎರಕದ ಕಬ್ಬಿಣವನ್ನು ಒಣಗಿದಂತೆಯೇ ಕೊರೆಯುತ್ತೇನೆ.

ತಗಡಿನ ದಪ್ಪವನ್ನೂ ಮೊದಲೇ ಲೆಕ್ಕ ಹಾಕಬೇಕು. 90 ಡಿಗ್ರಿಯ ಕುಳಿಯಲ್ಲಿ ಇದು ಬಾಯಿಲೆಕ್ಕದಷ್ಟು ಸುಲಭ: ಕುಳಿಯ ಬಾಯಿಯ ವ್ಯಾಸದಿಂದ ತೂತಿನ ವ್ಯಾಸ ಕಳೆದು ಅರ್ಧ ಮಾಡಿದರೆ ಆಳ ಸಿಗುತ್ತದೆ. 10 ಮಿ.ಮೀ. ತಲೆ, 5.5 ಮಿ.ಮೀ. ತೂತು ಎಂದಾದರೆ ಆಳ 2.25 ಮಿ.ಮೀ. ತಗಡು 2 ಮಿ.ಮೀ. ಮಾತ್ರ ಇದ್ದರೆ ಕುಳಿ ತಗಡನ್ನೇ ದಾಟಿ, ತೂತು ದೊಡ್ಡದಾಗಿ, ಅಂಚು ಚಾಕುವಿನ ಬಾಯಿಯಂತೆ ತೆಳುವಾಗುತ್ತದೆ. ಅಂಥ ಅಂಚು ಭಾರ ಹೊರುವುದಿಲ್ಲ, ಬೇಗ ಸೀಳುತ್ತದೆ. ಅಲ್ಲಿ ಸಣ್ಣ ಸ್ಕ್ರೂವಿಗೆ ಇಳಿಯಬೇಕು, ಇಲ್ಲವೇ ಚಪ್ಪಟೆ ತಲೆಯ ಆಸೆ ಬಿಟ್ಟು ಗುಂಡು ತಲೆಯ ಸ್ಕ್ರೂ ಹಾಕಬೇಕು.

ಮರದಲ್ಲಿ ಪ್ರಶ್ನೆಗಳೇ ಬೇರೆ. ಇಲ್ಲಿ ಅಲಗು ನಾರನ್ನು ಕತ್ತರಿಸಬೇಕು, ಹರಿಯಬಾರದು. ಹೊಟ್ಟು ಹೊರಬರಲು ದಾರಿಯಿರಬೇಕು. ಲೋಹಕ್ಕೆ ಮಾಡಿದ, ಕಿರಿದಾದ ತೋಡುಗಳ ಬಿಟ್ ಅನ್ನು ಮರಕ್ಕೆ ಹಾಕಿದರೆ ತೋಡುಗಳು ಹೊಟ್ಟಿನಿಂದ ಗಿಡಿದುಕೊಂಡು, ಅಲಗು ಕೊರೆಯುವ ಬದಲು ಉಜ್ಜತೊಡಗಿ, ಕುಳಿಯ ಸುತ್ತ ಕಂದು ಬಣ್ಣದ ಸುಟ್ಟ ಬಳೆ ಮೂಡುತ್ತದೆ. ಮರದ ಕೆಲಸಕ್ಕೆ ನಡುವೆ ಡ್ರಿಲ್, ಅದರ ಮೇಲೆ ಸರಿಸಿ ಬಿಗಿಯಬಹುದಾದ ಕೌಂಟರ್‌ಸಿಂಕ್ ಇರುವ ಜೋಡಿ ಬಿಟ್ ಅನುಕೂಲವಾದದ್ದು: ಪೈಲಟ್ ತೂತು (ಸ್ಕ್ರೂ ಇಳಿಯಲು ಮೊದಲೇ ಕೊರೆಯುವ ಕಿರಿದಾದ ತೂತು), ಕುಳಿ ಎರಡೂ ಒಂದೇ ಇಳಿತದಲ್ಲಿ ಆಗುತ್ತವೆ, ಎರಡರ ನಡುಗೆರೆಯೂ ಒಂದೇ ಆಗಿರುತ್ತದೆ. ಕೊಳ್ಳುವಾಗ ನಡುವಿನ ಡ್ರಿಲ್ ಅನ್ನು ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದು ನೋಡಿ, ಏಕೆಂದರೆ ಮೊದಲು ಮುರಿಯುವುದು ಅದೇ. ತುದಿಗೆ ಚೂಪಾಗುತ್ತ ಹೋಗುವ ಡ್ರಿಲ್ ಹಳೆಯ ಮಾದರಿಯ ಸ್ಕ್ರೂಗಳಿಗೆ ಹೊಂದುವಂಥದ್ದು. ಈಗಿನ ಸ್ಕ್ರೂಗಳ ಮೈ ಉದ್ದಕ್ಕೂ ಬಹುಮಟ್ಟಿಗೆ ಒಂದೇ ದಪ್ಪವಿರುವುದರಿಂದ ನೇರ ಡ್ರಿಲ್ ಸಾಕು. 4 ಮಿ.ಮೀ. ಸ್ಕ್ರೂವಿಗೆ ಮೆದು ಮರದಲ್ಲಿ 2.5, ಗಟ್ಟಿ ಮರದಲ್ಲಿ 3 ಮಿ.ಮೀ. ಪೈಲಟ್ ತೂತು ನನಗೆ ಒಗ್ಗಿದೆ. ಹಲಗೆಯ ಕೊನೆಯ ಹತ್ತಿರ ಇದನ್ನು ಬಿಡಲೇಬಾರದು, ಬಿಟ್ಟರೆ ಅಲ್ಲಿ ಸ್ಕ್ರೂವಿನ ಮೈ ಬೆಣೆಯಂತೆ ಕೆಲಸ ಮಾಡಿ ನಾರಿನ ಉದ್ದಕ್ಕೂ ಮರವನ್ನು ಸೀಳುತ್ತದೆ.

ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಮತ್ತು ಲ್ಯಾಮಿನೇಟ್ ಹಾಳೆಗಳು ಮರವೆಂದೇ ತೋರಿದರೂ ಅವುಗಳೊಳಗಿನ ಅಂಟು ಅಲಗನ್ನು ಅರದಂತೆ ತಿನ್ನುತ್ತದೆ. ಅವುಗಳಲ್ಲಿ ದಿನವೂ ಕೆಲಸವಿದ್ದವರಿಗೆ ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ತುದಿಯ ಬಿಟ್ ಬೇಕು, ಅಪರೂಪಕ್ಕೆ ಬಳಸುವವರಿಗೆ ಹೈಸ್ಪೀಡ್ ಸ್ಟೀಲ್ ನಡೆಯುತ್ತದೆ. ಕಾರ್ಬೈಡ್ ಬೇಗ ಸವೆಯದು, ಆದರೆ ಪೆಟ್ಟು ತಡೆಯದು. ನಡುಗುವ ಕೈ ಡ್ರಿಲ್‌ನಲ್ಲಿ ಉಕ್ಕಿಗೆ ಹಾಕಿದರೆ ಅದರ ಅಂಚು ಚಕ್ಕೆಯೇಳುತ್ತದೆ. ಚಿನ್ನದ ಬಣ್ಣದ ಟೈಟೇನಿಯಂ ನೈಟ್ರೈಡ್ ಲೇಪನ ಉಕ್ಕಿನಲ್ಲಿ ಅಲಗಿನ ಆಯುಷ್ಯ ಹೆಚ್ಚಿಸುತ್ತದೆ. ಮರಕ್ಕಷ್ಟೇ ಬಿಟ್ ಕೊಳ್ಳುವವರು ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಆಳದ ಬಗ್ಗೆ ಹೇಳುವುದಾದರೆ, ಸ್ಕ್ರೂವನ್ನು ತಲೆಕೆಳಗಾಗಿ ಹಿಡಿದು ಅದರ ತಲೆಯನ್ನು ಕುಳಿಯ ಬಾಯಿಗೆ ಇಟ್ಟು ನೋಡುವುದು ಎಲ್ಲಕ್ಕಿಂತ ಚುರುಕಾದ ಅಳತೆ. ತಲೆ ಬಾಯಿಗೆ ಸರಿಸಮ ಕೂತರೆ ಆಳ ಸರಿಯಾಗಿದೆ. ಒಂದೇ ಆಳದ ಹತ್ತಾರು ಕುಳಿಗಳು ಬೇಕಾದಾಗ ಸ್ಟಾಪ್ ಕಾಲರ್ (ಗೊತ್ತುಮಾಡಿದ ಆಳಕ್ಕೆ ಬಿಟ್ ಅನ್ನು ತಡೆಯುವ ಬಳೆ) ಇರುವ ಬಿಟ್ ನೆರವಾಗುತ್ತದೆ, ಅದರಲ್ಲೂ ಕಾಲರ್ ಬಿಟ್‌ನ ಜೊತೆ ತಿರುಗದೆ ಬೇರಿಂಗ್ ಮೇಲೆ ನಿಲ್ಲುವಂಥದ್ದು ಪಾಲಿಶ್ ಆದ ಮರದ ಮೇಲೆ ಉಂಗುರದ ಗುರುತು ಬಿಡುವುದಿಲ್ಲ.

ಒಂದೇ ಅಲಗಿನ ಬಿಟ್‌ನ ಇನ್ನೊಂದು ಗುಣವೂ ನನ್ನನ್ನು ಅದರ ಕಡೆ ಎಳೆದಿದೆ: ಅದನ್ನು ಮನೆಯಲ್ಲೇ ಸಾಣೆ ಹಿಡಿಯಬಹುದು. ಅಲಗಿನ ಮುಂದಿರುವ ಚಪ್ಪಟೆ ಮುಖವನ್ನು ಎಣ್ಣೆ ಹಾಕಿದ ಸಣ್ಣ ಕಲ್ಲಿನ ಮೇಲೆ ಮಲಗಿಸಿ ನಾಲ್ಕಾರು ಬಾರಿ ಉಜ್ಜಿದರೆ ಅಂಚು ಮರಳಿ ಹರಿತವಾಗುತ್ತದೆ. ಶಂಕುವಿನ ಹೊರಮೈಗೆ ಮಾತ್ರ ಕಲ್ಲು ತಾಗಿಸಬಾರದು. ಅಲ್ಲಿ ಒಂದಿಷ್ಟು ಸವೆಸಿದರೂ ಅಲಗಿನ ಹಿಂದಿನ ಮೈ ಅಲಗಿಗಿಂತ ಎತ್ತರವಾಗಿ ಉಳಿದು, ಎಷ್ಟು ಒತ್ತಿದರೂ ಬಿಟ್ ಕೊರೆಯದೆ ಉಜ್ಜುತ್ತಲೇ ಇರುತ್ತದೆ.