ತೋಳ ನೋಡೋಕೆ ಗಾಸ್ಫರ್ತ್‌ಗೆ ಹೋಗಿದ್ದು

ಲೇಕ್ ಡಿಸ್ಟ್ರಿಕ್ಟ್ ಕಡೆ ಹೋದವರೆಲ್ಲ ವಿಂಡರ್‌ಮಿಯರಲ್ಲಿ ಬೋಟ್ ಹತ್ತಿ ಫೋಟೋ ಹಾಕ್ತಾರೆ, ನಾನು ಮಾತ್ರ ಈ ಸಲ ತೋಳ ನೋಡ್ಲೇಬೇಕು ಅಂತ ಹಠ ಹಿಡಿದೆ. "ಇಂಗ್ಲೆಂಡಲ್ಲಿ ಎಲ್ಲಿದೆಯೇ ತೋಳ?" ಅಂದ್ರು ನಮ್ಮನೆಯವ್ರು. ಕಲ್ಲಲ್ಲಿದೆ ರೀ, ಗಾಸ್ಫರ್ತ್ ಅನ್ನೋ ಹಳ್ಳಿಯ ಹಳೇ ಶಿಲುಬೆ ಮೇಲೆ ಕೆತ್ತಿದ್ದಾರೆ, ಸುಮ್ನೆ ಬನ್ನಿ ಅಂದೆ.

ಮ್ಯಾಂಚೆಸ್ಟರಿಂದ ಹೊರಟು ಬ್ಯಾರೋದಲ್ಲಿ ಟ್ರೇನ್ ಬದಲಾಯಿಸಿದ್ವಿ, ಅಲ್ಲಿಂದ ಮುಂದೆ ಹಳಿ ಸಮುದ್ರದ ಪಕ್ಕದಲ್ಲೇ ಹೋಗುತ್ತೆ. ಸೀಸ್ಕೇಲಲ್ಲಿ ಇಳಿದ್ರೆ ಒಂದು ಕಡೆ ಸಮುದ್ರ, ಸ್ವಲ್ಪ ಆಚೆ ಸೆಲ್ಲಾಫೀಲ್ಡ್ ಅಣು ಸ್ಥಾವರ. ಗಾಸ್ಫರ್ತ್‌ಗೆ ಸುಮಾರು ನಾಲ್ಕು ಕಿಲೋಮೀಟರ್, ಜಿಟಿಜಿಟಿ ಮಳೆಯಲ್ಲಿ ನಡ್ಕೊಂಡೇ ಹೋದ್ವಿ, ದಾರಿ ಪೂರ್ತಿ ನಾನು ಕತೆ ಹೇಳ್ತಾ ಇದ್ದೆ.

ತೋಳದ ಹೆಸರು ಫೆನ್ರಿರ್, ಹಳೇ ಕಾಲದ ಸ್ಕ್ಯಾಂಡಿನೇವಿಯಾದ ವೈಕಿಂಗ್ ಜನರ ಪುರಾಣದ್ದು. ಲೋಕಿ ಅನ್ನೋ ಕಿತಾಪತಿ ದೇವರಿಗೆ ಅಂಗ್ರ್‌ಬೋಡಾ ಅನ್ನೋ ರಾಕ್ಷಸಿಯಲ್ಲಿ ಹುಟ್ಟಿದ ಮಗ, ಒಡಹುಟ್ಟಿದವರು ಯಾರು ಅಂದ್ರೆ ಭೂಮಿ ಸುತ್ತಿಕೊಂಡಿರೋ ಹಾವು ಮತ್ತೆ ಸತ್ತವರ ಲೋಕ ಆಳೋ ಹೆಲ್. ದೇವತೆಗಳು ಇವನನ್ನ ಮರಿಯಿಂದ ತಮ್ಮ ಮನೇಲೇ ಸಾಕಿದ್ರು, ಆದ್ರೆ ಹತ್ರ ಹೋಗಿ ಊಟ ಹಾಕೋ ಧೈರ್ಯ ಇದ್ದಿದ್ದು ಅವರಲ್ಲಿ ಟಿರ್ ಅನ್ನೋ ದೇವರೊಬ್ಬನಿಗೇ. ದಿನದಿನಕ್ಕೂ ಬೆಳೀತಾನೆ ಅಂತ ಹೆದರಿ ಕಟ್ಟಿಹಾಕೋಕೆ ನೋಡಿದ್ರು, ಎರಡು ದಪ್ಪ ಸಂಕೋಲೆ ಕಿತ್ತೆಸೆದ. ಮೂರನೇದು ಕುಳ್ಳರು ಮಾಡಿಕೊಟ್ಟ ಗ್ಲೈಪ್ನಿರ್, ನೋಡೋಕೆ ರೇಷ್ಮೆ ದಾರದ ಹಾಗೆ, ಬೆಕ್ಕಿನ ಹೆಜ್ಜೆ ಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು ಇಷ್ಟೂ ಸೇರಿಸಿ ಮಾಡಿದ್ದು. ನಮ್ಮಲ್ಲಿ ಮೊಲದ ಕೊಂಬು ಅಂತೀವಲ್ಲ ಆ ಥರ. ಕಿತ್ತುಕೊಳ್ಳೋಕಾಗದಿದ್ರೆ ನಾವೇ ಬಿಚ್ತೀವಿ ಅಂತ ದೇವತೆಗಳು ಮಾತು ಕೊಟ್ರು, ಆದ್ರೂ ಫೆನ್ರಿರ್‌ಗೆ ಡೌಟ್ ಬಂತು, ನಿಮ್ಮಲ್ಲಿ ಯಾರಾದ್ರೂ ನನ್ನ ಬಾಯಲ್ಲಿ ಕೈ ಇಡಿ, ಆಮೇಲೆ ಕಟ್ಟಿ ಅಂದ. ಎಲ್ರೂ ಮುಖ ಮುಖ ನೋಡ್ಕೊಂಡ್ರು, ಕೈ ಇಟ್ಟಿದ್ದು ಊಟ ಹಾಕ್ತಿದ್ದ ಟಿರ್‌ನೇ. ದಾರ ಬಿಗೀತು, ಬಿಚ್ಚಲಿಲ್ಲ, ದೇವತೆಗಳೆಲ್ಲ ನಕ್ಕರು, ಟಿರ್ ಕೈ ಹೋಯ್ತು. ನನಗಂತೂ ಪಾಪ ಅನ್ಸೋದು ತೋಳದ ಮೇಲೇನೇ, ಮಾತಿಗೆ ತಪ್ಪಿದ್ದು ಅದಲ್ವಲ್ಲ. ನಮ್ಮವರು "ಆ ಟಿರ್ ಗತಿ ನೋಡೇ" ಅಂದ್ರು.

ಸೇಂಟ್ ಮೇರೀಸ್ ಚರ್ಚಿನ ಅಂಗಳದಲ್ಲಿ, ಗೋರಿಗಳ ಮಧ್ಯೆ ನಿಂತಿದೆ ಆ ಶಿಲುಬೆ. 10ನೇ ಶತಮಾನದ್ದು, ಸುಮಾರು 4.4 ಮೀಟರ್ ಎತ್ತರ, ಸಣ್ಣಗೆ ಉದ್ದಕ್ಕೆ, ಕೆಳಗೆ ಗುಂಡು ಮೇಲೆ ಚೌಕ. ಕೆಂಪು ಮರಳುಗಲ್ಲು, ಬಾದಾಮಿ ಕಲ್ಲಿನ ನೆನಪಾಯ್ತು, ಆದ್ರೆ ಅಲ್ಲಿ ಶಿಲ್ಪಗಳು ಗುಹೆ ಒಳಗೆ ಬೆಚ್ಚಗಿವೆ, ಇದು ಸಾವಿರ ವರ್ಷದಿಂದ ಮಳೇಲಿ ನೆನೀತಾ ಇದೆ. ಮೊದಲು ನನಗೆ ಏನೂ ಕಾಣಿಸ್ಲಿಲ್ಲ, ಬರೀ ಹೆಣಿಗೆ ಹೆಣಿಗೆ. ಎರಡು ಸುತ್ತು ಹಾಕಿದ್ಮೇಲೆ ಪೂರ್ವದ ಮುಖದಲ್ಲಿ, ಶಿಲುಬೆಗೇರಿದ ಏಸುವಿನ ಮೇಲ್ಗಡೆ, ಸಿಕ್ತು: "ಆ" ಅಂತ ತೆರೆದ ಬಾಯಿ, ಅದರೊಳಗೆ ಕಾಲಿಟ್ಟು ಮೇಲಿನ ದವಡೆ ಕೈಯಲ್ಲಿ ತಳ್ತಾ ಇರೋ ಮನುಷ್ಯ. ಮೈ ಮಾತ್ರ ಹಗ್ಗ ಹೊಸೆದ ಹಾಗೆ, ತೋಳ ಅಂತ ಹೇಳೋದೇ ಕಷ್ಟ.

ಅವನೇ ವಿದಾರ್ ಅಂತಾರೆ, ದೇವತೆಗಳ ರಾಜ ಓಡಿನ್‌ನ ಮಗ. ರಾಗ್ನರಾಕ್, ಅಂದ್ರೆ ಲೋಕ ಮುಗಿಯೋ ಕೊನೇ ಯುದ್ಧದ ದಿನ ಫೆನ್ರಿರ್ ಕಟ್ಟು ಬಿಚ್ಚಿಕೊಂಡು ಬಂದು ಓಡಿನ್‌ನ ನುಂಗ್ತಾನೆ, ಆಗ ವಿದಾರ್ ಕೆಳದವಡೆ ಮೆಟ್ಟಿ ಬಾಯಿ ಸೀಳ್ತಾನೆ. ಆ ಮೆಟ್ಟೋ ಕಾಲಿನ ಶೂ ಇದೆಯಲ್ಲ, ಅದನ್ನ ಜನ ಚಪ್ಪಲಿ ಹೊಲಿಯೋವಾಗ ಬೆರಳು, ಹಿಮ್ಮಡಿ ಹತ್ರ ಕತ್ತರಿಸಿ ಬಿಸಾಡೋ ಚರ್ಮದ ಚೂರುಗಳಿಂದ ಕಾಲಕಾಲಕ್ಕೂ ಕೂಡಿಸ್ತಾ ಬಂದಿದ್ದಾರಂತೆ, ಹಾಗಾಗಿ ದೇವರಿಗೆ ನೆರವಾಗ್ಬೇಕು ಅನ್ನೋರು ಆ ಚೂರನ್ನ ಬಿಸಾಡಲೇಬೇಕಂತೆ! ಇದನ್ನ ಬರೆದಿಟ್ಟಿದ್ದು ಐಸ್‌ಲ್ಯಾಂಡಿನ ಕವಿ ಸ್ನೋರಿ, 13ನೇ ಶತಮಾನದಲ್ಲಿ. ಕಲ್ಲು ಅದಕ್ಕಿಂತ ಹಳೇದು. ಹಿಂದುಗಡೆ, ಪಶ್ಚಿಮದ ಮುಖದಲ್ಲಿ ಅಪ್ಪ ಲೋಕಿನೂ ಇದಾನೆ, ಅವನನ್ನೂ ಕಟ್ಟಿಹಾಕಿದ್ದಾರೆ, ಹಾವಿನ ವಿಷ ಮುಖಕ್ಕೆ ಬೀಳದ ಹಾಗೆ ಹೆಂಡತಿ ಸಿಗಿನ್ ಬಟ್ಟಲು ಹಿಡಿದು ಕೂತಿದಾಳೆ. ಒಂದೇ ಕಂಬದ ಆ ಕಡೆ ಅಪ್ಪ, ಈ ಕಡೆ ಮಗ.

ಚರ್ಚ್ ಒಳಗೂ ವೈಕಿಂಗ್ ಕಾಲದ ಗೋರಿಕಲ್ಲುಗಳಿವೆ, ಹಂದಿ ಬೆನ್ನಿನ ಹಾಗೆ ಬಾಗಿರೋವು, ಅವನ್ನ ಬೇಗ ನೋಡಿ ಮತ್ತೆ ಹೊರಗೆ ಬಂದೆ. ಮಳೆ ನಿಂತು ಬಿಸಿಲು ಓರೆಯಾಗಿ ಬಿದ್ದಿತ್ತು, ಪಶ್ಚಿಮದ ಕಡೆ ಸಿಗಿನ್ ಬಟ್ಟಲು ಈಗ ಚೆನ್ನಾಗಿ ಕಾಣ್ತಿತ್ತು, ತೋಳ ಇದ್ದ ಮುಖ ಪೂರ್ತಿ ನೆರಳು. "ಇನ್ನೊಂದ್ಸಲ ಬೆಳಿಗ್ಗೆ ಬರ್ಬೇಕು ರೀ" ಅಂದೆ. ನಮ್ಮವರು ಶೂ ಬಿಚ್ಚಿ ಹಿಮ್ಮಡಿ ಬೊಬ್ಬೆ ನೋಡ್ಕೊಳ್ತಾ ಕೂತಿದ್ರು, ತಲೆ ಎತ್ಲಿಲ್ಲ.