ಗಂಟೆಗೆ 3 ಡಾಲರ್ 1 ಸೆಂಟ್

ವರದಿಗಾರನಾದ ಹೊಸದರಲ್ಲಿ ನನ್ನನ್ನು ಒಬ್ಬ ಹಿರಿಯ ರಾಜಕಾರಣಿಯ ಅಂತ್ಯಕ್ರಿಯೆಗೆ ಕಳಿಸಿದ್ದರು. ಯಾರ್ಯಾರು ಬಂದರು, ಯಾರು ಹಾರ ಹಾಕಿದರು, ಎಷ್ಟು ಸುತ್ತು ಗುಂಡು ಹಾರಿಸಿದರು, ಎಲ್ಲ ಬರೆದುಕೊಟ್ಟೆ. ಡೆಸ್ಕಿನ ಹಿರಿಯರೊಬ್ಬರು ಅದನ್ನು ಓದಿ, ಡ್ರಾಯರ್‌ನಿಂದ ಹಳೇ ಜೆರಾಕ್ಸ್ ಹಾಳೆ ತೆಗೆದು ಮುಂದಿಟ್ಟರು. ‘ಇದನ್ನ ಓದಪ್ಪ, ಆಮೇಲೆ ಮನೆಗೆ ಹೋಗು’ ಅಂದರು. ಅದನ್ನು ಬರೆದ ಅಮೆರಿಕದ ಪತ್ರಕರ್ತ ಜಿಮ್ಮಿ ಬ್ರೆಸ್ಲಿನ್ ಹೆಸರನ್ನು ನಾನು ಮೊದಲು ಕಂಡದ್ದು ಅವತ್ತೇ.

1963ರ ನವೆಂಬರ್. ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾಗಿದೆ. ಪತ್ರಕರ್ತರೆಲ್ಲ ಮೆರವಣಿಗೆಯ ಹಿಂದೆ, ಗಣ್ಯರ ಹಿಂದೆ. ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನ ಅಂಕಣಕಾರ ಬ್ರೆಸ್ಲಿನ್ ಹುಡುಕಿಕೊಂಡು ಹೋದದ್ದು ಕೆನಡಿಯ ಸಮಾಧಿಗೆ ಗುಂಡಿ ತೋಡಿದವನನ್ನು. ಹೆಸರು ಕ್ಲಿಫ್ಟನ್ ಪೊಲಾರ್ಡ್, ವಯಸ್ಸು 42, ಅರ್ಲಿಂಗ್ಟನ್ ಸ್ಮಶಾನದ ಕೆಲಸಗಾರ. ಅಂದು ಭಾನುವಾರ, ರಜೆ. ಆದರೂ ಕರೆ ಬರುತ್ತದೆ ಅಂತ ಅವನಿಗೆ ಗೊತ್ತು. ಕೆಲಸದ ಬಟ್ಟೆ ಹಾಕಿಕೊಂಡೇ ತಿಂಡಿಗೆ ಕೂತಿದ್ದ. ಹೆಂಡತಿ ಮೊಟ್ಟೆ ಮಾಡುತ್ತಿದ್ದಳು. ಅವನು ತಿನ್ನುತ್ತಿರುವಾಗ ಫೋನ್ ಬಂತು. ಈ ಕೆಲಸಕ್ಕೆ ಅವನ ಕೂಲಿ ಗಂಟೆಗೆ 3 ಡಾಲರ್ 1 ಸೆಂಟ್.

ಆ ಒಂದು ಸೆಂಟ್ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಸುಮಾರು 3 ಡಾಲರ್ ಅಂತ ಬರೆದಿದ್ದರೆ ನಾನು ಸುಮ್ನೆ ಮುಂದೆ ಓದಿಬಿಡುತ್ತಿದ್ದೆ. ಆ ಸೆಂಟ್ ಇರುವುದರಿಂದಲೇ ಪೊಲಾರ್ಡ್‌ನ ಸಂಬಳದ ಚೀಟಿ ಕಣ್ಣೆದುರು ಬರುತ್ತದೆ, ಅಲ್ವಾ? ಅದನ್ನು ಕೇಳಿ ತಿಳಿದುಕೊಳ್ಳಬೇಕು. ಕೇಳೋಕೆ ಅವನ ಹತ್ತಿರ ಹೋಗಬೇಕು.

ಬ್ರೆಸ್ಲಿನ್ ನ್ಯೂಯಾರ್ಕಿನ ಕ್ವೀನ್ಸ್‌ನವರು, ಹುಟ್ಟಿದ್ದು 1928ರಲ್ಲಿ. ಚಿಕ್ಕವರಿದ್ದಾಗಲೇ ಅಪ್ಪ ಮನೆ ಬಿಟ್ಟು ಹೋದರು. ಕಾರು ಓಡಿಸೋದನ್ನು ಕೊನೆವರೆಗೂ ಕಲಿಯಲಿಲ್ಲ. ಕಾಲ್ನಡಿಗೆ, ಸಬ್‌ವೇ, ಟ್ಯಾಕ್ಸಿ. 1962ರಲ್ಲಿ 120 ಪಂದ್ಯ ಸೋತ ಮೆಟ್ಸ್ ಬೇಸ್‌ಬಾಲ್ ತಂಡದ ಮೇಲೆ ಪ್ರೀತಿಯಿಂದ ಒಂದು ಪುಸ್ತಕ ಬರೆದರು. ಗೆದ್ದವರ ಬಗ್ಗೆ ಬರೆಯೋಕೆ ಬೇರೆಯವರು ಇದ್ದೇ ಇರುತ್ತಾರೆ. 1977ರಲ್ಲಿ, ನ್ಯೂಯಾರ್ಕನ್ನೇ ಹೆದರಿಸಿದ್ದ ‘ಸನ್ ಆಫ್ ಸ್ಯಾಮ್’ ಕೊಲೆಗಾರ ಡೈಲಿ ನ್ಯೂಸ್ ಪತ್ರಿಕೆಯಲ್ಲಿದ್ದ ಇವರಿಗೇ ಪತ್ರ ಬರೆದ. ಏಡ್ಸ್ ಅಂದರೆ ಜನ ದೂರ ಸರಿಯುತ್ತಿದ್ದ 1985ರಲ್ಲಿ, ಡೇವಿಡ್ ಕಮಾಚೋ ಎಂಬ ಏಡ್ಸ್ ರೋಗಿಯ ಬದುಕನ್ನು ಬರೆದರು. ಮರುವರ್ಷ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು.

ಇನ್ನೊಂದನ್ನೂ ಹೇಳಲೇಬೇಕು. 1990ರಲ್ಲಿ ನ್ಯೂಸ್‌ಡೇ ಪತ್ರಿಕೆಯಲ್ಲಿದ್ದಾಗ, ತಮ್ಮ ಅಂಕಣವನ್ನು ಟೀಕಿಸಿದ ಕೊರಿಯನ್ ಮೂಲದ ಸಹೋದ್ಯೋಗಿಯನ್ನು ಜನಾಂಗದ ಹೆಸರು ಹಿಡಿದು ಬೈದರು. ಕ್ಷಮೆ ಕೇಳಿದರು, ಅಮಾನತೂ ಆದರು. ಬಡವರ ಪರ ಅಷ್ಟು ಬರೆದ ಮನುಷ್ಯನ ಬಾಯಲ್ಲಿ ಆ ಮಾತು ಬಂತಲ್ಲ ಅಂತ ನನಗೆ ನಿಜಕ್ಕೂ ನೋವಾಗುತ್ತದೆ. ಅವರ ಬರಹವನ್ನು ಪ್ರೀತಿಸುವ ನಾನು ಇದನ್ನು ಮುಚ್ಚಿಡಲಾರೆ.

2017ರ ಮಾರ್ಚ್ 19ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವತ್ತು ರಾತ್ರಿ ಆ ಜೆರಾಕ್ಸ್ ಹುಡುಕಿ ತೆಗೆದೆ. ಮಡಿಕೆಯಲ್ಲಿ ಹರಿದಿತ್ತು. ಕೊನೇ ಭಾಗ ಮತ್ತೆ ಮತ್ತೆ ಓದಿದೆ. ಸೋಮವಾರ ಕೆನಡಿಯನ್ನು ಮಣ್ಣು ಮಾಡುವಾಗ ಪೊಲಾರ್ಡ್ ಅಲ್ಲಿರಲಿಲ್ಲ. ನೋಡೋಕೆ ಹೋಗಿದ್ದ, ಜನ ಜಾಸ್ತಿ ಅಂತ ಸೈನಿಕನೊಬ್ಬ ವಾಪಸ್ ಕಳಿಸಿದ್ದ. ಆಮೇಲೆ ಒಂದು ಸಲ ಹೋಗಿ ನೋಡಿ ಬರ್ತೀನಿ ಅಂದ. ಸ್ಮಶಾನದ ಇನ್ನೊಂದು ಕಡೆ, ಯಾರಿಗೆ ಅಂತ ಗೊತ್ತಿಲ್ಲದ ಗುಂಡಿಗಳನ್ನು ತೋಡುತ್ತಿದ್ದ. ಕೂಲಿ ಅದೇ.